ಕಾಕಾನ ಎಸ್ಟಿಮೇಟು

ಕಾಲೇಜಿನ ಕನ್ನಡ ಸಂಘಕ್ಕೆ ಒಂದು ವರ್ಷ ಕಾರ್ಯದರ್ಶಿಯಾದವನ ತಲೆಯ ಮೇಲೆ ಒಂದಾದರೂ ಪಾಪದ ಗಂಟು ಇದ್ದೇ ಇರುತ್ತದೆ. ಒಬ್ಬ ಚಂದಾ ಹಣದಲ್ಲಿ ಚಹಾ ಕುಡಿದಿರುತ್ತಾನೆ. ಇನ್ನೊಬ್ಬ ಒಳ್ಳೆಯ ಕವನವನ್ನು ಹಿಂದಿರುಗಿಸಿ ಗೆಳೆಯನ ಕವನವನ್ನು ಸೇರಿಸಿರುತ್ತಾನೆ. ನನ್ನದು ಒಂದು ಪುಸ್ತಕದ ಕಪಾಟು. ನಲವತ್ತು ವರ್ಷ ದಾಟಿದರೂ ಅದರ ಭಾರ ಇಳಿದಿಲ್ಲ. ಅದಕ್ಕೇ ಇಂದು ನಿಮ್ಮೆದುರು ಇಳಿಸುತ್ತಿದ್ದೇನೆ. ಆದರೆ ಕಪಾಟಿನ ಕತೆ ಹೇಳಬೇಕಾದರೆ ಮೊದಲು ಕಾಕಾನ ಕತೆ ಹೇಳಬೇಕು.

ಕಾಕಾ ನನ್ನ ಅಪ್ಪನ ತಮ್ಮ. ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದವ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ 1962ರಲ್ಲಿ ಮುಂಬಯಿ ರೈಲು ಹತ್ತಿದ. ಅವನನ್ನು ಓದಿಸಲಿಕ್ಕೆ, ಸಾಲಿ ಮಾಸ್ತರನಾಗಿದ್ದ ಅಪ್ಪ ಅಜ್ಜಿಯ ಪಾಟಲಿ ಒತ್ತೆ ಇಟ್ಟಿದ್ದ. ಭಾಂಡುಪದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಟೂಲ್ ರೂಮು, ಆಮೇಲೆ ಪ್ಲ್ಯಾನಿಂಗು. ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆ ಆದರೂ ವಾಪಸು ಬರುವಂಥ ಬಿಡಿಭಾಗಗಳ ಡ್ರಾಯಿಂಗು ತೆಗೆಯುವ ಕೆಲಸ. ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ, ಮದುವೆ, ಒಬ್ಬ ಮಗಳು. ಧಾರವಾಡದಲ್ಲಿ ನಮ್ಮ ಮನೆಯ ಹೆಸರೇ ‘ಇಂಜಿನಿಯರ್ ಅವರ ಮನಿ’ ಎಂದಾಗಿತ್ತು.

ಇಂಥವ 1974ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟು ಬಡಿಗತನಕ್ಕೆ ಕೂತ.

ಯಾಕೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಉತ್ತರಗಳಿದ್ದವು. ಅಪ್ಪನ ಉತ್ತರ: “ಅವನ ತಲಿಗೆ ಮುಂಬಯಿ ನೀರು ಏರ್ಯದ.” ಕಾಕುವಿನ ಉತ್ತರ: ಬರಬೇಕಾಗಿದ್ದ ಪ್ರಮೋಶನ್ನು ಇನ್ನೊಬ್ಬರಿಗೆ ಹೋಯಿತು, ಇವರು ಅಭಿಮಾನದ ಮನುಷ್ಯ. ಕಾಕಾನ ಉತ್ತರ ಎಲ್ಲಕ್ಕಿಂತ ಸಣ್ಣದು. ಹೊರದೇಶದ ಯಂತ್ರಗಳು ಪೈನ್ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಒಡೆದ ಪೆಟ್ಟಿಗೆಯ ಹಲಗೆಗಳನ್ನು ನೌಕರರಿಗೆ ಅಗ್ಗದಲ್ಲಿ ಕೊಡುತ್ತಿದ್ದರು. ಕಾಕಾ ಅದರಲ್ಲಿ ಒಂದು ಸ್ಟೂಲು ಮಾಡಿದ. “ಹನ್ನೆರಡು ವರ್ಷ ಡ್ರಾಯಿಂಗ್ ತಗದೆ. ಒಂದ ಮಶೀನ ಪೂರಾ ಹೆಂಗ ಕಾಣಸ್ತದ ಅಂತ ನೋಡ್ಲಿಲ್ಲ. ಸ್ಟೂಲ್ ಮಾಡಿದೆ, ನಿಮ್ಮ ಕಾಕು ಅದರ ಮ್ಯಾಲೆ ನಿಂತು ಮ್ಯಾಲಿನ ಡಬ್ಬಿ ತಗದಳು. ಅಷ್ಟ,” ಎನ್ನುತ್ತಿದ್ದ. ಮೂರೂ ನಿಜ ಇರಬೇಕು ಎಂದು ಈಗ ನನಗೆ ಅನಿಸುತ್ತದೆ. ಮನುಷ್ಯ ಒಂದೇ ಕಾರಣಕ್ಕೆ ನೌಕರಿ ಬಿಡುವುದಿಲ್ಲ.

ಒಂದೇ ದಿನದಲ್ಲಿ ಬಿಟ್ಟದ್ದೂ ಅಲ್ಲ. ಅದಕ್ಕಿಂತ ಮುಂಚೆ ಎರಡು ವರ್ಷ ರವಿವಾರಗಳೆಲ್ಲ ಡೊಂಬಿವಲಿಯ ಒಬ್ಬ ಮುದುಕ ಸುತಾರನ ಬಳಿ ಕಳೆದಿದ್ದ. ಆ ಸುತಾರ ಮೊದಲ ಎರಡು ತಿಂಗಳು ಬರೇ ಉಳಿ ಮಸೆಯಲಿಕ್ಕೆ ಹಚ್ಚಿದನಂತೆ. ಉಕ್ಕಿನ ಗುಣ ಕಾಲೇಜಿನಲ್ಲಿ ಓದಿದ್ದೇನೆ ಎಂದು ಕಾಕಾ ಹೇಳಿದ್ದಕ್ಕೆ, “ಓದೀರಿ, ಇನ್ನ ಮಸೀರಿ” ಎಂದು ಮರಾಠಿಯಲ್ಲಿ ಹೇಳಿ ಕಲ್ಲು ಮುಂದಿಟ್ಟನಂತೆ.

ರಾಜೀನಾಮೆಯ ಪತ್ರ ಧಾರವಾಡಕ್ಕೆ ಮುಟ್ಟಿದ ದಿನ ನನಗೆ ನೆನಪಿದೆ. ನಾನಾಗ ಹೈಸ್ಕೂಲಿನ ಹುಡುಗ. ಅಪ್ಪ ಪತ್ರ ಮಡಿಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡು, “ಇಷ್ಟ್ ಓದಿಸಿದ್ದು ಬಡಿಗತನಾ ಮಾಡ್ಲಿಕ್ಕೇನು?” ಎಂದು ಯಾರನ್ನೂ ನೋಡದೆ ಕೇಳಿದ. ಆ ಮಾತಿನಲ್ಲಿ ಅಜ್ಜಿಯ ಪಾಟಲಿಯೂ ಇತ್ತು, ಜಾತಿಯೂ ಇತ್ತು. ಬಡಿಗೇರರ ಓಣಿಯಿಂದ ಬಾಗಿಲು ಕಿಟಕಿ ಮಾಡಿಸಿ ತರುವ ಮನೆಯವರು ನಾವು. ಆ ಓಣಿಯ ಕೆಲಸವನ್ನು ನಮ್ಮವನೊಬ್ಬ ಕಲಿತು ಮಾಡುವುದು ಅಪ್ಪನ ಲೆಕ್ಕದಲ್ಲಿ ಬೀಳುವುದೇ ಆಗಿತ್ತು. ಅವತ್ತಿನಿಂದ ಅಪ್ಪ ಒಂದು ಸುಳ್ಳು ಹಿಡಿದ. ಯಾರಾದರೂ ತಮ್ಮನ ಬಗ್ಗೆ ಕೇಳಿದರೆ, “ಮುಂಬಯಿದಾಗ ಇಂಜಿನಿಯರ್ ಇದ್ದಾನ.” ಕಡೀತನಕ ಅದನ್ನೇ ಹೇಳಿದ. ನಾವೆಲ್ಲ ಅದನ್ನು ಕಲಿತೆವು.

ಕಾಕಾನ ಹೊಸ ಬದುಕು ಶುಭಮುಹೂರ್ತದಲ್ಲೇನೂ ಶುರುವಾಗಲಿಲ್ಲ. ಎರಡೇ ತಿಂಗಳಿಗೆ, 1974ರ ಮೇ 8ರಂದು, ದೇಶದ ರೈಲ್ವೆ ಮುಷ್ಕರ ಹೂಡಿತು. ಇಪ್ಪತ್ತು ದಿನ ನಡೆದ ಆ ಮುಷ್ಕರದಲ್ಲಿ ಕಾಕಾನ ಮೊದಲ ದೊಡ್ಡ ಆರ್ಡರಿನ ಕಟ್ಟಿಗೆ ಹಾದಿಯಲ್ಲೇ ನಿಂತಿತು. ಗಿರಾಕಿ ಕಾಯಲಿಲ್ಲ.

ನಾನು ಇಂಜಿನಿಯರಿಂಗ್ ಓದಲು ಮುಂಬಯಿಗೆ ಬಂದದ್ದು 1978ರಲ್ಲಿ. ಮಾಟುಂಗಾದಲ್ಲಿ ಕಾಲೇಜು, ಡೊಂಬಿವಲಿಯ ಕಾಕಾನ ಮನೆಯಲ್ಲಿ ಊಟ–ವಸತಿ. ಮುನಿಸಿದ್ದರೂ ಅಪ್ಪ ನನ್ನನ್ನು ಅಲ್ಲಿಗೇ ಕಳಿಸಿದ. ಹಾಸ್ಟೆಲಿನ ಖರ್ಚು ಕೊಡುವ ಶಕ್ತಿ ಇರಲಿಲ್ಲ. ಹೊರಡುವಾಗ ಹೇಳಿದ್ದು ಒಂದೇ ಮಾತು: “ಅವನ ಅನ್ನಾ ಉಣ್ಣು, ಅವನ ಬುದ್ಧಿ ಬ್ಯಾಡ.”

ಎಂ.ಐ.ಡಿ.ಸಿ. ಕಡೆಗೆ ಹೋಗುವ ಹಾದಿಯಲ್ಲಿ ಒಂದು ತಗಡಿನ ಗಾಳಾ ಕಾಕಾನ ಕಾರ್ಖಾನೆ. ಬೋರ್ಡಿನ ಮೇಲೆ ಹೆಸರೂ ಇಲ್ಲ, ಡಿಗ್ರಿಯೂ ಇಲ್ಲ. ‘ಕಟ್ಟಿಗೆ ಕೆಲಸ’ ಎಂದು ಮರಾಠಿಯಲ್ಲಿ ಬರೆದಿತ್ತು. ಒಳಗೆ ಸರಸ್ ಎಂಬ ಅಂಟಿನ ನಾತ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡಿದ ಪಾಲಿಶಿನ ವಾಸನೆ, ಮೊಣಕಾಲಮಟ ಕೀಸಿದ ಹೊಟ್ಟು. ಫೆವಿಕಾಲ್ 1959ರಲ್ಲೇ ಬಂದಿತ್ತು, ಕಾಕಾ ಬಳಸುತ್ತಲೂ ಇದ್ದ. ಆದರೆ ಮುಂದೆ ಎಂದಾದರೂ ಬಿಚ್ಚಿ ದುರಸ್ತಿ ಮಾಡಬೇಕಾಗುವ ಕುರ್ಚಿಗಳಿಗೆ ಹಳೆಯ ಸರಸೇ ಬೇಕು ಎನ್ನುತ್ತಿದ್ದ. ಬಿಸಿ ನೀರು ತಗಲಿಸಿದರೆ ಅದು ಬಿಡುತ್ತದೆ. “ನಾ ಸತ್ತ ಮ್ಯಾಲೆ ಯಾವನೋ ಒಬ್ಬ ಇದನ್ನ ಬಿಚ್ಚತಾನ. ಅವ ನನ್ನ ಬೈಬಾರದು.”

ಕಟ್ಟಿಗೆ ತರಲು ರೇ ರೋಡಿನ ಲಕಡಿ ಬಂದರಿಗೆ ಅವನ ಜೊತೆ ಎಷ್ಟೋ ಸಲ ಹೋಗಿದ್ದೇನೆ. ಸಣ್ಣ ಹಲಗೆಗಳಿದ್ದರೆ ಹಾರ್ಬರ್ ಲೋಕಲ್ಲಿನ ಮಾಲ್ ಡಬ್ಬಿಯಲ್ಲಿ ಕುರ್ಲಾತನಕ, ಅಲ್ಲಿ ಹೊತ್ತು ಗಾಡಿ ಬದಲಿಸಿ ಡೊಂಬಿವಲಿಗೆ. ಹಳೆಯ ಬಂಗಲೆ, ಚಾಳು ಕೆಡವಿದಾಗ ಬರುವ ಬರ್ಮಾ ಸಾಗವಾನಿಯ ತೊಲೆಗಳೆಂದರೆ ಕಾಕಾನಿಗೆ ಜೀವ. ಮೊಳೆಯ ತೂತು ಬಿದ್ದಿದ್ದರೂ, ಎಷ್ಟೋ ಮಳೆಗಾಲ ಕಂಡು ಪೂರಾ ಆರಿದ ಕಟ್ಟಿಗೆ ಅದು.

ಮೊದಲ ಸಲ ದುಂಡು ದಿಮ್ಮಿ ಕೊಳ್ಳಲು ಹೋದಾಗಿನ ಕತೆಯನ್ನು ಅವನೇ ಹೇಳಿ ನಗುತ್ತಿದ್ದ. ಕಚ್ಛೀ ಶೇಟು ದಿಮ್ಮಿಯ ಸುತ್ತಳತೆ ತೆಗೆದು, ಅದನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ ಇಷ್ಟು ಘನ ಅಡಿ ಎಂದ. ನಮ್ಮ ಇಂಜಿನಿಯರ್ ಸಾಹೇಬರಿಗೆ ಸುಮ್ಮನಿರಲಾಗಲಿಲ್ಲ. ವೃತ್ತದ ಸೂತ್ರ ಹಚ್ಚಿ, ನಿಮ್ಮ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲಿಗಿಂತ ಹೆಚ್ಚು ಕಟ್ಟಿಗೆ ಬಿಟ್ಟುಹೋಗುತ್ತದೆ, ನಿಮಗೇ ನಷ್ಟ ಎಂದು ತೋರಿಸಿಕೊಟ್ಟ. ಶೇಟು ಎಲೆ ಅಡಿಕೆ ಉಗುಳಿ ಬಂದು ಹೇಳಿದನಂತೆ: “ಆ ಇಪ್ಪತ್ತೊಂದು ತೊಗಟೆಗೆ, ಗರಗಸದ ಹೊಟ್ಟಿಗೆ, ಅಂಚಿನ ತುಂಡಿಗೆ. ನೀವು ದುಂಡು ಮರ ಒಯ್ದು ದುಂಡು ಮೇಜು ಮಾಡುತ್ತೀರೇನು?” ಕಾಕಾನಿಗೆ ಬಹಳ ಸಂತೋಷವಾಯಿತಂತೆ. ಸೂತ್ರ ತಪ್ಪಿರಲಿಲ್ಲ, ವ್ಯಾಪಾರವೂ ತಪ್ಪಿರಲಿಲ್ಲ.

ಹೀಗೆ ಅವನೊಳಗಿನ ಇಂಜಿನಿಯರು ಎಂದೂ ಹೊರಗೆ ಹೋಗಲೇ ಇಲ್ಲ. ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಮರದ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಬದಲಾವಣೆ ಉಂಗುರಗಳಿಗೆ ಅಡ್ಡವಾಗಿ ಆಗುವುದರ ಸುಮಾರು ಎರಡರಷ್ಟು. ಒಂದು ಅಡಿ ಅಗಲದ ಸಾಗವಾನಿ ಹಲಗೆಯ ತೇವ ಪ್ರತಿಶತ ಆರರಷ್ಟು ಏರಿದರೆ ಅದು ಮೂರು ಮಿಲಿಮೀಟರಿಗೂ ಹೆಚ್ಚು ಅಗಲವಾಗಬಹುದು. ನೂರನೇ ಒಂದು ಭಾಗಕ್ಕೆ ಹೊಡೆದಾಡಿ ಬಂದವನಿಗೆ ಇದು ದೊಡ್ಡ ಪಾಠ. ಅದಕ್ಕೇ ಬಾಗಿಲಿನ ನಡುಹಲಗೆಗೆ ಅಂಟು ಹಚ್ಚದೆ ಚೌಕಟ್ಟಿನ ಗಾಡಿಯಲ್ಲಿ ಸಡಿಲು ಬಿಡುತ್ತಿದ್ದ. ಮೇ ತಿಂಗಳಲ್ಲಿ ಮಾಡಿದ ಡ್ರಾವರು ಜುಲೈಯಲ್ಲಿ ಎಷ್ಟು ಉಬ್ಬೀತು ಎಂದು ಲೆಕ್ಕ ಹಾಕಿ ಅಷ್ಟು ಸಂದು ಇಡುತ್ತಿದ್ದ. ಗಿರಾಕಿಗಳು, ಸಂದು ಕಾಣುತ್ತದೆ, ಕೆಲಸ ಬರಾಬರಿ ಇಲ್ಲ ಎಂದು ರೊಕ್ಕ ಮುರಿಯುತ್ತಿದ್ದರು. ಮಳೆಗಾಲದಲ್ಲಿ ಡ್ರಾವರು ಸಲೀಸಾಗಿ ಎಳೆದಾಗ ಆ ಸಂದಿನ ನೆನಪು ಯಾರಿಗೂ ಬರುತ್ತಿರಲಿಲ್ಲ.

ಕಾಕಾನನ್ನು ಸಂತನನ್ನಾಗಿ ಮಾಡುವ ಇಚ್ಛೆ ನನಗಿಲ್ಲ. ಆ ವರ್ಷಗಳಲ್ಲಿ ಎಲ್ಲರಿಗೂ ಪ್ಲೈವುಡ್ಡು, ಮೇಲೆ ಹೊಳೆಯುವ ಸನ್‌ಮೈಕಾ ಬೇಕಾಗಿತ್ತು. ಕಾಕಾ ಮುಖ ಗಂಟು ಹಾಕಿ ಎಷ್ಟೋ ಕೆಲಸ ಬಿಟ್ಟ. ಹೇಳಿದ ತಾರೀಖಿಗೆ ಕೊಟ್ಟದ್ದು ಅಪರೂಪ. ಮನೆ ನಡೆದದ್ದು ಕಾಕುವಿನಿಂದ. ಕಾಕು ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಶಾಲೆ, ಸಂಜೆ ಮನೆಯಲ್ಲಿ ಟ್ಯೂಶನ್ನು. ಒಂದು ಸಲ, ತಿಂಗಳ ಕೊನೆಯ ದಿನಗಳಿರಬೇಕು, ಅಕ್ಕಿ ಆರಿಸುತ್ತ ನನ್ನ ಹತ್ತಿರ ಹೇಳಿದಳು: “ನಿಮ್ಮ ಕಾಕಾ ಸ್ವತಂತ್ರ ಆಗ್ಯಾರ, ಖರೇ ಅದ. ಆ ಸ್ವಾತಂತ್ರ್ಯದ ಬಾಡಿಗಿ ನಾ ಕಟ್ಟತೇನಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದಳು. ಕಾಕಾನ ಬಗ್ಗೆ ಯಾರು ಹೊಗಳಿ ಮಾತಾಡಿದರೂ ನನಗೆ ಮೊದಲು ನೆನಪಾಗುವುದು ಆ ಅಕ್ಕಿಯ ಮೊರ.

ಈಗ ಕಪಾಟು.

1980ರಲ್ಲಿ ನಾನು ಸಂಘದ ಕಾರ್ಯದರ್ಶಿ. ನಮ್ಮ ಪುಸ್ತಕಗಳು ಎರಡು ತಗಡಿನ ಟ್ರಂಕುಗಳಲ್ಲಿ ಬಿದ್ದಿದ್ದವು. ಒಂದು ನಾಟಕ ಆಡಿ ಐದುನೂರು ಚಿಲ್ಲರೆ ರೂಪಾಯಿ ಉಳಿಸಿದೆವು. ಕಪಾಟು ಮಾಡಿಸುವುದೆಂದು ಗೊತ್ತಾಯಿತು. ರಾತ್ರಿ ಊಟಕ್ಕೆ ಕೂತಾಗ ಕಾಕಾನಿಗೆ ಹೇಳಿದೆ. ಅವ ಅನ್ನ ಕಲಸುವುದನ್ನು ನಿಲ್ಲಿಸಿದ. “ಎಷ್ಟ್ ಪುಸ್ತಕ ಅವ? ದಪ್ಪಾನವು ಎಷ್ಟು? ಪರಿಷತ್ತಿನ ನಿಘಂಟು ಅದನೋ ಇಲ್ಲೋ?” ಇತ್ತು. ಆ ಹೊತ್ತಿಗೆ ಬಂದಿದ್ದ ಸಂಪುಟಗಳನ್ನು ಕಷ್ಟಪಟ್ಟು ಕೊಂಡಿದ್ದೆವು. “ಒಂದು ಅಡಿ ಪುಸ್ತಕಕ್ಕ ಹತ್ತು ಕಿಲೋ ಹಿಡಿ. ಹಲಗಿ ಎರಡೂವರಿ ಅಡಿಗಿಂತ ಉದ್ದ ಇರಬಾರದು. ಗ್ವಾಡಿಗೆ ಹಚ್ಚಬಾರದು, ಮಳಿಗಾಲದಾಗ ಹಿಂದ ಗಾಳಿ ಆಡಬೇಕು.” ಮರುದಿನ ಒಂದು ಹಾಳೆಯಲ್ಲಿ ಡ್ರಾಯಿಂಗು, ಕೆಳಗೆ ಎಸ್ಟಿಮೇಟು ಬರೆದುಕೊಟ್ಟ. ಹನ್ನೆರಡು ವರ್ಷದ ಅಭ್ಯಾಸದ ಆ ಅಚ್ಚುಕಟ್ಟಾದ ಅಕ್ಷರ. ಒಟ್ಟು 640 ರೂಪಾಯಿ.

ಆಗಸ್ಟಿನಲ್ಲಿ ಸಮಿತಿ ಸೇರಿತು. ಇನ್ನೊಬ್ಬ ಸದಸ್ಯ ದಾದರಿನ ಒಂದು ಅಂಗಡಿಯಿಂದ 425 ರೂಪಾಯಿಯ ಲೆಕ್ಕ ತಂದಿದ್ದ. ನಾಲ್ಕು ಅಡಿ ಉದ್ದದ ಪ್ಲೈ ಹಲಗೆಗಳು, ಮೇಲೆ ಸನ್‌ಮೈಕಾ. “640 ಕೇಳಿದವ ಯಾರು?” ಎಂದು ಅಧ್ಯಕ್ಷರು ಕೇಳಿದರು. ನನ್ನ ಕಾಕಾ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎರಡು ವರ್ಷದಿಂದ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಅಪ್ಪನ ಮಾತು: ಕಾಕಾ ಇಂಜಿನಿಯರ್, ಭಾಂಡುಪದಲ್ಲಿ ಕಾರ್ಖಾನೆ. “ಡೊಂಬಿವಲಿಯ ಒಬ್ಬ ಬಡಿಗ,” ಎಂದೆ. ಸುಮ್ಮನಾದರೂ ಆಗಬೇಕಿತ್ತು. ಅದೂ ಆಗಲಿಲ್ಲ. “ಸ್ವಲ್ಪ ತುಟ್ಟಿ ಅನಿಸುತ್ತದೆ,” ಎಂದು ನಾನೇ ಸೇರಿಸಿದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಪರೀಕ್ಷೆಯಲ್ಲಿ ಬೀಮು ಬಾಗುವ ಲೆಕ್ಕದಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು. ಒಂದೇ ಸಮನೆ ಭಾರ ಹೊತ್ತ ಹಲಗೆಯ ಬಾಗು ಅದರ ಉದ್ದದ ನಾಲ್ಕನೇ ಘಾತಕ್ಕೆ ಅನುಸಾರ ಏರುತ್ತದೆ ಎಂದು ಬರೆದುಬಂದವನೇ ನಾಲ್ಕು ಅಡಿಯ ಹಲಗೆಗೆ ಕೈ ಎತ್ತಿದೆ.

ಕಾಕಾನಿಗೆ ಹೇಳಿದಾಗ ಅವ, “ಸಂಘದ ರೊಕ್ಕ, ನೋಡಿ ಖರ್ಚ ಮಾಡಬೇಕು,” ಎಂದಷ್ಟೇ ಅಂದು ರಂಧಾ ಎತ್ತಿಕೊಂಡ.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನಡುವಿನ ಎರಡು ಹಲಗೆಗಳು ಜೋಕಾಲಿಯಂತೆ ಬಾಗಿದ್ದವು. ನಿಘಂಟಿನ ಸಂಪುಟಗಳು ಒಂದರ ಮೇಲೊಂದು ಒರಗಿ ನಡುವೆ ಜಾರಿದ್ದವು. ಹಿಂದಿನ ಪ್ಲೈ ಗೋಡೆಯ ತೇವಕ್ಕೆ ಪದರು ಪದರು ಬಿಟ್ಟಿತ್ತು. ಒಂದು ರಾತ್ರಿ ಬಾಯಿ ಬಿಟ್ಟು ಹೇಳಿದೆ. ರವಿವಾರ ಕಾಕಾ ತನ್ನ ಚೀಲ ತೆಗೆದುಕೊಂಡು ನನ್ನ ಜೊತೆ ಮಾಟುಂಗಾಕ್ಕೆ ಬಂದ. ಪುಸ್ತಕ ಇಳಿಸಿದೆವು. ಬಾಗಿದ ಹಲಗೆಗಳನ್ನು ತಿರುವಿ ಹಾಕಿದ, ಇನ್ನು ಭಾರ ಅವನ್ನು ನೇರ ಮಾಡಲಿ ಎಂದು. ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಒಂದೊಂದು ಸಾಗವಾನಿ ಆಧಾರ ಕೂಡಿಸಿದ. ಗೋಡೆಯಿಂದ ಎರಡು ಇಂಚು ಸರಿಸಿದ. ಮೂರು ತಾಸಿನ ಕೆಲಸ. ಸಂಘದ ಇಬ್ಬರು ಗೆಳೆಯರು ಬಂದರು. “ಮಿಸ್ತ್ರಿ ಎಲ್ಲಿಯವರು?” ಎಂದು ನನ್ನನ್ನು ಕೇಳಿದರು. “ಪರಿಚಯದವರು,” ಎಂದೆ. ಕಾಕಾ ಮೊಳಕಾಲೂರಿ ಕೂತು ಗುಣ್ಯಾ ಹಿಡಿದು ಮೂಲೆ ನೋಡುತ್ತಿದ್ದ. ಕೇಳಿಸಿರಲೇಬೇಕು. ಅವರು ರೊಕ್ಕ ಎಷ್ಟು ಎಂದು ಕೇಳಿದ್ದಕ್ಕೆ, “ಚಹಾ ಕುಡಸ್ರಿ, ಸಾಕು,” ಎಂದ.

ಹಿಂದಿರುಗುವಾಗ ಲೋಕಲ್ಲಿನಲ್ಲಿ ಠಾಣೆ ದಾಟುವತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ: “ಸ್ಪ್ಯಾನ್ ಅರ್ಧ ಆದ್ರ ಬಾಗೂದು ಎಷ್ಟ್ ಕಡಿಮಿ ಆಗ್ತದೋ?” ನಾನು, ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ ಎಂದೆ. “ಹಂ. ಕಪಾಟಿಗೂ ಅದ ಲೆಕ್ಕ,” ಎಂದು ಕಿಟಕಿಯ ಕಡೆ ತಿರುಗಿದ. ಆ ವಿಷಯ ಮತ್ತೆ ನಮ್ಮ ನಡುವೆ ಬರಲಿಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಗಿರಣಿಗಳು ನಿಂತವು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಅವರಲ್ಲಿ ಸೋಲಾಪುರ ಕಡೆಯ ಕನ್ನಡದವನೊಬ್ಬ ಕೆಲಸ ಹುಡುಕುತ್ತ ಕಾಕಾನ ಗಾಳಾಕ್ಕೆ ಬಂದು ಕೈಗೆಲಸಕ್ಕೆ ನಿಂತ. ಒಂದು ದಿನ ಕಾಕಾ ಹುರುಪಿನಲ್ಲಿ, ನೌಕರಿ ಹೋದದ್ದಕ್ಕೆ ಕೊರಗಬೇಡ, ನಾನೂ ಬಿಟ್ಟು ಬಂದವನೇ ಎಂದು ಸಮಾಧಾನ ಹೇಳಿದ. ಆ ಮನುಷ್ಯ ಮೆಲ್ಲಗೆ ಅಂದ: “ಸಾಹೇಬರ, ನೀವು ನೌಕರಿ ಬಿಟ್ಟ್ರಿ. ನಮ್ಮನ್ನ ನೌಕರೀನ ಬಿಡ್ತು.” ಕಾಕಾ ಅವತ್ತು ಇಡೀ ಮಧ್ಯಾಹ್ನ ಮಾತಾಡಲಿಲ್ಲ. ಆಮೇಲೆ ಎಂದೂ, ನಾನು ನೌಕರಿ ಒದ್ದು ಬಂದೆ ಎಂಬ ಧಾಟಿಯ ಮಾತು ಅವನ ಬಾಯಿಂದ ನಾನು ಕೇಳಲಿಲ್ಲ.

ಕಾಕಾನಂಥವರು ಲೋಕದಲ್ಲಿ ಬೇರೆಯೂ ಇದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಮ್ಮೆ ಕೆಲಸದ ಮೇಲೆ ಪಾಂಡಿಚೇರಿಗೆ ಹೋದಾಗ ಅರವಿಂದಾಶ್ರಮದ ‘ಗೋಲ್ಕೊಂಡೆ’ ಎಂಬ ವಸತಿಗೃಹವನ್ನು ಹೊರಗಿನಿಂದ ನೋಡಿದೆ. ನಮ್ಮ ದೇಶದಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ಮೊದಮೊದಲ ಆಧುನಿಕ ಕಟ್ಟಡಗಳಲ್ಲಿ ಒಂದು. ಅದರ ಕೆಲಸ ನೋಡಿಕೊಳ್ಳಲು 1937ರಲ್ಲಿ ಬಂದವನು ಜಾರ್ಜ್ ನಾಕಾಶಿಮಾ, ಅಮೆರಿಕದ ಎಂ.ಐ.ಟಿ.ಯಲ್ಲಿ ವಾಸ್ತುಶಿಲ್ಪ ಓದಿದ ಜಪಾನೀ ಮೂಲದವ. ಸ್ವದೇಶಕ್ಕೆ ಮರಳಿದ ಮೇಲೆ, ಯುದ್ಧದ ಕಾಲದಲ್ಲಿ, ಜಪಾನೀ ರಕ್ತದವನೆಂಬ ಕಾರಣಕ್ಕೆ 1942ರಲ್ಲಿ ಸಂಸಾರಸಮೇತ ಐಡಾಹೋದ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ತನ್ನಂತೆಯೇ ಬಂಧಿಯಾಗಿದ್ದ ಒಬ್ಬ ಬಡಗಿಯ ಕೈಕೆಳಗೆ ಜಪಾನೀ ಮರಗೆಲಸ ಕಲಿತ. ಬಿಡುಗಡೆಯಾದ ಮೇಲೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬ ಊರಿನಲ್ಲಿ ಸ್ವಂತ ಕಾರ್ಖಾನೆ ಹಾಕಿ, 1990ರಲ್ಲಿ ತೀರಿಕೊಳ್ಳುವತನಕ ಕಟ್ಟಿಗೆ ಕೆಲಸವನ್ನೇ ಮಾಡಿದ. ಸೀಳಿದ ಹಲಗೆಯನ್ನು ಎಸೆಯದೆ ಸೀಳಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ತುಂಡು ಕೂಡಿಸಿ ಬಳಸುತ್ತಿದ್ದನಂತೆ. ಅವನು ಲೋಕಪ್ರಸಿದ್ಧನಾದ. ನಮ್ಮ ಕಾಕಾನಿಗೆ ಡೊಂಬಿವಲಿ ಸ್ಟೇಶನ್ನಿನ ಆಚೆ ಹೆಸರಿರಲಿಲ್ಲ. ಆದರೆ ಆ ರಸ್ತೆಯಲ್ಲಿ ನಿಂತಾಗ, ಅಪ್ಪನಿಗೆ ಇದನ್ನು ಹೇಳಿದ್ದರೆ ಆ ಸುಳ್ಳು ಬಿಡುತ್ತಿದ್ದನೇನೋ ಅನಿಸಿತು. ಅಪ್ಪ ಆಗಲೇ ಇರಲಿಲ್ಲ.

ಕಾಕಾ 2009ರ ಮಳೆಗಾಲದಲ್ಲಿ ತೀರಿಕೊಂಡ. ಕೊನೆಯ ವಾರದವರೆಗೂ ಗಾಳಾಕ್ಕೆ ಹೋಗುತ್ತಿದ್ದ. ಸಾಮಾನು ತೆಗೆಯಲು ನಾನೂ ಅವನ ಮಗಳೂ ಹೋದೆವು. ಉಳಿ, ಗರಗಸಗಳನ್ನು ಆ ಸೋಲಾಪುರದವನ ಮಗನಿಗೆ ಕೊಡಬೇಕೆಂದು ಕಾಕು ಹೇಳಿದ್ದಳು, ಕೊಟ್ಟೆವು. ಲೆಕ್ಕದ ವಹಿಗಳು ನನ್ನ ಪಾಲಿಗೆ ಬಂದವು. ತಾರೀಖು, ಗಿರಾಕಿ, ಕಟ್ಟಿಗೆ, ಪಾಲಿಶು, ಕೂಲಿ ಎಂದು ಗೆರೆ ಎಳೆದು ಮಾಡಿದ ಕಾಲಮುಗಳು. 1980ರ ವಹಿಯಲ್ಲಿ ನಮ್ಮ ಸಂಘದ ಹೆಸರು ಸಿಕ್ಕಿತು. ಕಟ್ಟಿಗೆ 548, ಸ್ಕ್ರೂ–ಪಾಲಿಶು 92. ಕೂಲಿಯ ಕಾಲಮಿನಲ್ಲಿ ಒಂದು ಅಡ್ಡ ಗೆರೆ.

ಒಟ್ಟು 640. ಅದನ್ನೇ ನಾನು ತುಟ್ಟಿ ಎಂದದ್ದು.

ಗೆಳೆಯರೇ, ನಿಮ್ಮ ಸಂಘದ ಕೋಣೆಯಲ್ಲಿ ಪುಸ್ತಕದ ಕಪಾಟು ಇದ್ದರೆ ಒಮ್ಮೆ ನಡುವಿನ ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿರಿ. ಬಾಗಿದ್ದರೆ ತಿರುವಿ ಹಾಕಿ, ನಡುವೆ ಒಂದು ಆಧಾರ ಕೊಡಿರಿ, ಗೋಡೆಯಿಂದ ಎರಡು ಇಂಚು ಸರಿಸಿರಿ. ಇದಕ್ಕೆ ಇಂಜಿನಿಯರು ಬೇಕಿಲ್ಲ. ಉಳಿದದ್ದು ನನ್ನ ಸ್ವಂತ ಲೆಕ್ಕ. ನನ್ನ ಕಾಕಾ ಬಡಿಗನಾಗಿದ್ದ. ಇಷ್ಟನ್ನು 1980ರ ಆಗಸ್ಟಿನ ಆ ಸಭೆಯಲ್ಲೇ ಹೇಳಬೇಕಾಗಿತ್ತು.